ಹಳೆ ಮನೆ ಬಿಚ್ಚಿದ ಸಾಮಾನಿನಲ್ಲೇ ಹಿತ್ತಲಿಗೊಂದು ಶೆಡ್: ಎಲ್ಲಿಂದ ಶುರು ಮಾಡಲಿ?

ಸುಮಾ, ಸಾಗರ:
ಎಲ್ಲರಿಗೂ ನಮಸ್ಕಾರ. ನಮ್ಮ ಹಳೆ ಮನೆಯ ಹಿಂಭಾಗ ಬಿಚ್ಚಿಸಿದೆವು. ಅದರಲ್ಲಿ ಮಂಗಳೂರು ಹಂಚು ಸುಮಾರು 300, ಹಲಸಿನ ಮತ್ತು ಮತ್ತಿ ಮರದ ಪಕಾಸು (ಮಾಡಿನ ಇಳಿಜಾರಿಗೆ ಹಾಕುವ ಮರದ ತುಂಡುಗಳು), ಎರಡು ಉದ್ದದ ತೊಲೆ, ಚೌಕಟ್ಟಿನ ಸಮೇತ ಒಂದು ಬಾಗಿಲು, ಸರಳಿನ ಕಿಟಕಿ ಎರಡು, ಒಂದಿಷ್ಟು ಚಿರೆಕಲ್ಲು ಉಳಿದಿದೆ. ಗುಜರಿಯವರು ಬಂದು ಕೇಳಿದರು, ಅವರು ಹೇಳಿದ ರೇಟಿಗೆ ಕೊಡಲು ಮನಸ್ಸು ಬರಲಿಲ್ಲ. ಅದನ್ನೇ ಬಳಸಿ ಹಿತ್ತಲಲ್ಲಿ 10 ಅಡಿಗೆ 12 ಅಡಿ ಶೆಡ್ ಕಟ್ಟೋಣ ಅಂತ ನಾನೂ ನನ್ನ ಮೈದುನನೂ ಮಾತಾಡಿಕೊಂಡಿದ್ದೇವೆ. ಕಟ್ಟಿಗೆ, ಹಾರೆ, ಗುದ್ದಲಿ, ಹುಲ್ಲು ಹೊಡೆಯುವ ಮೆಷಿನ್ ಇಡೋದಕ್ಕೆ. ಮೇಸ್ತ್ರಿಯವರನ್ನು ಕೇಳಿದರೆ "ಇದೆಲ್ಲಾ ಯಾಕಮ್ಮ, ಕಬ್ಬಿಣದ ಪೈಪ್ ನಿಲ್ಲಿಸಿ ಶೀಟ್ ಹೊದಿಸಿ, ಮುಗೀತು" ಅಂದರು. ನನಗೆ ಅದು ಬೇಡ.

ನನ್ನ ಪ್ರಶ್ನೆ: ಇಷ್ಟು ಹಂಚು ಸಾಕಾಗುತ್ತಾ? ಹಳೆ ಮರ ಗಟ್ಟಿ ಇದೆಯೋ ಇಲ್ಲವೋ ನೋಡೋದು ಹೇಗೆ? ಇನ್ನೊಂದು, ಪಕ್ಕದ ಮನೆಯವರು ಹಳೆ ಸಿಮೆಂಟ್ ಶೀಟ್ ಸುಮ್ನೆ ಕೊಡ್ತೀವಿ ಅಂತಿದ್ದಾರೆ, ಕತ್ತರಿಸಿ ಗೋಡೆಗೆ ಹೊಡೆಯಬಹುದಾ?

ಉಳಿಸುತ್ತಿಗೆ, ತೀರ್ಥಹಳ್ಳಿ:
ಮೇಡಂ, ಮೊದಲು ಅಳತೆ ಮಾಡಿ ಆಮೇಲೆ ಸಾಮಾನು ಹುಡುಕೋದು ಹೊಸ ಮನೆಗೆ ಸರಿ. ಹಳೆ ಸಾಮಾನಿಗೆ ಅದು ಉಲ್ಟಾ. ಕೈಯಲ್ಲಿ ಏನಿದೆ ಅಂತ ಎಣಿಸಿ, ಅದು ಎಷ್ಟು ದೊಡ್ಡ ಶೆಡ್ ಕೊಡುತ್ತದೋ ಅಷ್ಟೇ ಕಟ್ಟಬೇಕು. ಇಲ್ಲದಿದ್ದರೆ ಕೊನೆಗೆ ಅರ್ಧ ಮಾಡಿಗೆ, ಅಂದರೆ ಚಾವಣಿಗೆ, ಹಂಚು ಕಡಿಮೆ ಬಿದ್ದು, ಹೊಂದಿಕೆಯಾಗದ ಹಂಚು ದುಡ್ಡು ಕೊಟ್ಟು ತರಬೇಕಾಗುತ್ತದೆ.

ನಿಮ್ಮ ಲೆಕ್ಕವನ್ನೇ ನೋಡೋಣ. 10ಕ್ಕೆ 12 ಅಡಿ ಶೆಡ್ಡಿಗೆ ನಮ್ಮ ಕಡೆ ಮಳೆಗೆ ಸುತ್ತಲೂ ಎರಡು ಅಡಿ ಸೂರು ಹೊರಗೆ ಬರಲೇಬೇಕು, ಅಂದರೆ 14ಕ್ಕೆ 16 ಅಡಿ. ಇಳಿಜಾರು 30 ಡಿಗ್ರಿ ಹಿಡಿದರೆ ಮಾಡಿನ ಮೈ ಸುಮಾರು 260 ಚದರ ಅಡಿ ಆಗುತ್ತದೆ. ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ 15 ಹಂಚು ಬೇಕು, ಹಾಗಾಗಿ 360 ಬೇಕಾಗುತ್ತದೆ. ನಿಮ್ಮ 300ರಲ್ಲಿ ಹತ್ತರಲ್ಲೊಂದು ಒಡೆದದ್ದು, ಬಿರುಕು ಬಿಟ್ಟದ್ದು ಅಂತ ತೆಗೆದರೆ ಉಳಿಯೋದು 270. ಅದಕ್ಕೆ 8 ಅಡಿಗೆ 10 ಅಡಿಯ ಶೆಡ್ ಸರಿಯಾಗಿ ಕೂರುತ್ತದೆ. ನನ್ನ ಸಲಹೆ ಅದೇ.

ಇಳಿಜಾರು ಕಡಿಮೆ ಮಾಡಿ ಹಂಚು ಉಳಿಸೋಣ ಅಂತ ಮಾತ್ರ ಯೋಚಿಸಬೇಡಿ. ಗಾಳಿ ಮಳೆ ಬಂದಾಗ ನೀರು ಹಂಚಿನ ಸಂದಿಯಲ್ಲಿ ಹಿಂದಕ್ಕೆ ಏರಿ ಒಳಗೆ ಇಳಿಯುತ್ತದೆ. ಒಂದೇ ಕಡೆ ಇಳಿಸಿದ ಮಾಡು ಸುಲಭ ಅನಿಸಬಹುದು, ಆದರೆ 8 ಅಡಿಗೆ 30 ಡಿಗ್ರಿ ಅಂದರೆ ಒಂದು ಕಡೆ ಗೋಡೆ ಇನ್ನೊಂದಕ್ಕಿಂತ ನಾಲ್ಕೂವರೆ ಅಡಿ ಎತ್ತರ ಏಳಬೇಕು. ಎರಡು ಕಡೆ ಇಳಿಸಿದರೆ ನೆತ್ತಿ ಗೋಡೆಯ ತಲೆಗಿಂತ 2 ಅಡಿ 4 ಇಂಚು ಏರಿದರೆ ಸಾಕು, ಕಲ್ಲೂ ಉಳಿಯುತ್ತದೆ. ನೆತ್ತಿಗೆ ಹಾಕುವ ಹಂಚು ಇಲ್ಲದಿದ್ದರೆ ಹಳೆ ತಗಡನ್ನು ಮಧ್ಯಕ್ಕೆ ಮಡಚಿ ಮುಚ್ಚಬಹುದು.

ಹಂಚು ಆರಿಸುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟಣ್ ಅಂದರೆ ಇಟ್ಟುಕೊಳ್ಳಿ, ಸತ್ತ ಸದ್ದು ಬಂದರೆ ಬಿರುಕಿದೆ, ಪಕ್ಕಕ್ಕಿಡಿ. ಹಿಂಬದಿ ಒತ್ತಿರುವ ಕಾರ್ಖಾನೆ ಹೆಸರನ್ನೂ ನೋಡಿ ಬೇರೆ ಬೇರೆ ರಾಶಿ ಹಾಕಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಅಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು, ಒಬ್ಬರ ಅಚ್ಚಿನ ಹಂಚು ಇನ್ನೊಬ್ಬರದ್ದಕ್ಕೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಎರಡು ಹೆಸರಿನವು ಇದ್ದರೆ ಒಂದು ಇಳಿಜಾರಿಗೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ ಹಾಕಿ. ರೀಪಿನ (ಪಕಾಸಿನ ಮೇಲೆ ಅಡ್ಡ ಹೊಡೆದು ಹಂಚು ಕೂರಿಸುವ ಪಟ್ಟಿಯ) ಅಂತರವನ್ನು ಯಾರನ್ನೂ ಕೇಳಬೇಡಿ. ನೆಲದ ಮೇಲೆ ನಾಲ್ಕು ಹಂಚನ್ನು ಕಚ್ಚಿಸಿ ಜೋಡಿಸಿ, ಅಲ್ಲೇ ಅಳೆದುಕೊಳ್ಳಿ.

ಕಡಲತೀರದವ, ಉಡುಪಿ:
ಮೇಲೆ ಹೇಳಿದ್ದು ಸರಿ ಉಂಟು. ನಾನು ಮರದ ಬಗ್ಗೆ ಹೇಳ್ತೇನೆ ಮಾರಾಯ್ರೆ, ಯಾಕಂದ್ರೆ ಭಾರ ಹೊರೋದು ಅದೇ ಅಲ್ವಾ. ಒಂದು ಹಂಚು ಎರಡೂವರೆ ಕಿಲೋ ಅಂದರೂ 270ಕ್ಕೆ ಏಳು ಕ್ವಿಂಟಾಲ್ ಹತ್ತಿರ ಆಗುತ್ತದೆ, ಮಳೆಯಲ್ಲಿ ನೀರು ಕುಡಿದ ಮೇಲೆ ಇನ್ನೂ ಜಾಸ್ತಿ.

ಪ್ರತಿ ಪಕಾಸಿನ ತುದಿಗೆ ಚೂಪು ಸ್ಕ್ರೂಡ್ರೈವರ್ ಒತ್ತಿ ನೋಡಿ. ಹಳೆ ಪಕಾಸು ಹಾಳಾಗುವುದು ಹೆಚ್ಚಾಗಿ ಗೋಡೆ ಮೇಲೆ ಕೂತ ಜಾಗದಲ್ಲಿ ಮತ್ತು ಸೂರಿನ ತುದಿಯಲ್ಲಿ, ನಡುಭಾಗ ಕಲ್ಲಿನ ಹಾಗೆ ಗಟ್ಟಿ ಇರುತ್ತದೆ. ಮೆತ್ತಗಾದ ತುದಿ ಕೊಯ್ದು ಹಾಕಿದರೆ ಉಳಿದದ್ದು ನಿಮ್ಮ ಚಿಕ್ಕ ಶೆಡ್ಡಿಗೆ ಉದ್ದ ಸಾಲುತ್ತದೆ, ಅಳತೆ ಸಣ್ಣದು ಮಾಡಿದ ಲಾಭ ಇಲ್ಲೂ ಉಂಟು. ಸಣ್ಣ ತೂತು ಇದ್ದರೆ ಅದರ ಕೆಳಗೆ ಪೇಪರ್ ಹಾಸಿ ಒಂದೆರಡು ವಾರ ಬಿಡಿ. ಹೊಸ ಹುಡಿ ಬಿದ್ದರೆ ಕುಟ್ಟೆ (ಮರ ಕೊರೆಯುವ ಹುಳ) ಇನ್ನೂ ಒಳಗಿದೆ, ಆ ಮರವನ್ನು ಒಲೆಗೆ ಹಾಕಿ. ಹುಡಿ ಇಲ್ಲ ಅಂದರೆ ಅದು ಹಳೆ ಗಾಯ ಅಷ್ಟೇ.

ಮೊಳೆ ಎಲ್ಲಾ ಕಿತ್ತು, ಆಮೇಲೆ ಹಳೆ ಸ್ಪೀಕರಿನ ಆಯಸ್ಕಾಂತವನ್ನು ಮರದ ಉದ್ದಕ್ಕೂ ಎಳೆಯಿರಿ. ತಲೆ ಮುರಿದು ಒಳಗೆ ಉಳಿದ ಮೊಳೆ ಗರಗಸಕ್ಕೆ ಸಿಕ್ಕಿದರೆ ಹಲ್ಲು ಹೋಗುತ್ತದೆ, ಮೆಷಿನ್ ಗರಗಸ ಆದರೆ ಕೈಗೇ ಅಪಾಯ.

ಕಂಬ ಮಣ್ಣಲ್ಲಿ ಹುಗಿಯಬೇಡಿ. ಎಂಥ ಗಟ್ಟಿ ಮರವಾದರೂ ನೆಲದ ಮಟ್ಟದಲ್ಲೇ ಕುಂಬಾಗುತ್ತದೆ. ಒಂದೂವರೆ ಅಡಿ ಪಂಚಾಂಗ (ನೆಲದಿಂದ ಮೇಲೆ ಏರಿಸುವ ಕಟ್ಟೆ) ಏರಿಸಿ, ಕಂಬಕ್ಕೆ ಕಲ್ಲಿನ ಪಾದ ಕೊಡಿ. ಹೊಸ ಸಿಮೆಂಟಿಗೆ ದುಡ್ಡು ಹಾಕುವುದಾದರೆ ಈ ಜಾಗಕ್ಕೇ ಹಾಕಿ.

ರವಿ ಎಲೆಕ್ಟ್ರಿಕಲ್ಸ್:
ಮರಕ್ಕೆ ಗ್ಯಾರೇಜಿನ ವೇಸ್ಟ್ ಆಯಿಲ್ ಬಳಿದುಬಿಡಿ ಅಕ್ಕಾ, ಗೆದ್ದಲು ಹತ್ತಿರ ಬರಲ್ಲ, ಖರ್ಚೂ ಇಲ್ಲ. ನಮ್ಮ ಊರಲ್ಲಿ ಎಲ್ಲರೂ ಅದನ್ನೇ ಮಾಡೋದು.

ಕಡಲತೀರದವ, ಉಡುಪಿ:
ರವಿಯವರೇ, ಮಾಡುತ್ತಾರೆ ಹೌದು. ಆದರೆ ಇವರದ್ದು ಕಟ್ಟಿಗೆ ಇಡುವ ಶೆಡ್, ಬೆಂಕಿಯ ಭಯ ಇರುವಲ್ಲಿ ಎಣ್ಣೆ ಕುಡಿದ ಮರ ಯಾಕೆ? ಮಳೆಗೆ ತೊಳೆದು ಹೋದದ್ದು ಹಿತ್ತಲ ಬಾವಿ ಕಡೆಗೇ ಇಳಿಯುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬಿಸಿನೀರಿನಲ್ಲಿ ಕರಗಿಸಿ ಒಣ ಮರಕ್ಕೆ ಎರಡು ಮೂರು ಸಲ ಬಳಿಯಬಹುದು. ಅದು ನೀರಲ್ಲಿ ತೊಳೆದು ಹೋಗುವಂಥದ್ದು, ಆದ್ದರಿಂದ ಮಾಡಿನ ಕೆಳಗೆ ಒಣಗಿರುವ ಮರಕ್ಕೆ ಮಾತ್ರ. ಗೇರೆಣ್ಣೆ (ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ) ನಮ್ಮಲ್ಲಿ ಹಿಂದಿನಿಂದಲೂ ಬಳಿಯುತ್ತಾರೆ, ಒಳ್ಳೆಯದೇ, ಆದರೆ ಅದೂ ಎಣ್ಣೆಯೇ, ಕಟ್ಟಿಗೆ ಶೆಡ್ಡಿಗೆ ನಾನು ಹೇಳುವುದಿಲ್ಲ. ಬೇರೆಲ್ಲಾದರೂ ಬಳಿದರೂ ಕೈಗೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಚರ್ಮ ಸುಟ್ಟು ಗುಳ್ಳೆ ಏಳುತ್ತದೆ.

ದೂರದೂರಿನವಳು, ಮೆಲ್ಬರ್ನ್:
ಸುಮಾ ಅವರೇ, ನಿಮ್ಮ ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದೇ ಎಲ್ಲಕ್ಕಿಂತ ಮುಖ್ಯದ್ದು. ದಯವಿಟ್ಟು ಆ ಶೀಟ್ ಕತ್ತರಿಸಬೇಡಿ. ನಮ್ಮ ಕಡೆ ಸಿಮೆಂಟ್ ಶೀಟ್ ಅಂತ ಕರೆಯುವ ಹಳೆ ಶೀಟುಗಳಲ್ಲಿ ಹೆಚ್ಚಿನವು ಕಲ್ನಾರಿನವು, ಅಂದರೆ ಆಸ್ಬೆಸ್ಟಾಸ್. ಕೊಯ್ದಾಗ, ತೂತು ಹೊಡೆದಾಗ, ಒಡೆದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಇರುತ್ತವೆ, ಉಸಿರಲ್ಲಿ ಹೋದರೆ ಶ್ವಾಸಕೋಶದಲ್ಲೇ ಉಳಿಯುತ್ತವೆ. ಕಾಯಿಲೆ ಕಾಣಿಸಿಕೊಳ್ಳುವುದಕ್ಕೆ ಹತ್ತಾರು ವರ್ಷ ಹಿಡಿಯಬಹುದು, ಹಾಗಾಗಿಯೇ "ನಮಗೇನೂ ಆಗಿಲ್ಲ" ಅಂತ ಜನ ಹೇಳುತ್ತಾರೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಇಲ್ಲಿ ಆಸ್ಟ್ರೇಲಿಯಾದಲ್ಲಿ 2003ರ ಕೊನೆಯಿಂದ ಪೂರ್ತಿ ನಿಷೇಧ. ಆದರೂ ಹಳೆ ಮನೆಗಳಲ್ಲಿ, ಹಿತ್ತಲ ಶೆಡ್ಡುಗಳಲ್ಲಿ ಇನ್ನೂ ಉಳಿದಿದೆ, ಹಳೆ ಸಾಮಾನು ತರುವಾಗ ನಾವು ಮೊದಲು ಕೇಳುವುದು ಅದನ್ನೇ.

ಕರವಸ್ತ್ರ ಕಟ್ಟಿಕೊಂಡರೆ ಅದು ತಡೆಯುವುದಿಲ್ಲ. ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಯೋಚಿಸಬೇಕು. ಪುಕ್ಕಟೆ ಸಿಕ್ಕಿದ್ದನ್ನೆಲ್ಲಾ ತರಬೇಕು ಅಂತೇನಿಲ್ಲ. ಪಕ್ಕದ ಮನೆಯವರಿಗೂ ಹೇಳಿ, ಒಡೆದು ರಸ್ತೆ ಗುಂಡಿಗೆ ತುಂಬಿಸುವುದು ಬೇಡ ಅಂತ.

ಸುಮಾ, ಸಾಗರ:
ಶೀಟ್ ವಿಷಯ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಈಗಲೇ ಬೇಡ ಅಂತ ಹೇಳಿ ಬಂದೆ. 8ಕ್ಕೆ 10 ಅಡಿಗೇ ಮಾಡುತ್ತೇವೆ. ಆದರೆ ಚಿರೆಕಲ್ಲು ಪೂರ್ತಿ ಗೋಡೆಗೆ ಸಾಲುವುದಿಲ್ಲ, ಮೇಲಿನ ಭಾಗಕ್ಕೆ ಏನು ಮಾಡಲಿ? ಮಂಗಗಳ ಕಾಟವೂ ಇದೆ, ಹಂಚಿನ ಮೇಲೆ ಕುಣಿದು ಒಡೆದು ಹಾಕುತ್ತವೆ.

ಉಳಿಸುತ್ತಿಗೆ, ತೀರ್ಥಹಳ್ಳಿ:
ಪೂರ್ತಿ ಗೋಡೆ ಬೇಕಾಗೇ ಇಲ್ಲ ಮೇಡಂ. ಭಾರ ಕಂಬದ ಮೇಲೆ ಇರಲಿ, ಕಲ್ಲಿನ ಗೋಡೆ ಸೊಂಟದವರೆಗೆ ಸಾಕು. ಅದರ ಮೇಲೆ ಅಡಿಕೆ ದಬ್ಬೆಯನ್ನು ಬೆರಳಗಲ ಸಂದು ಬಿಟ್ಟು ಹೊಡೆಯಿರಿ. ಕಟ್ಟಿಗೆಗೆ ಗಾಳಿ ಆಡಬೇಕು, ನಾಲ್ಕೂ ಕಡೆ ಮುಚ್ಚಿದರೆ ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ಬಿದ್ದ ಅಡಿಕೆ ಮರ ನಿಮ್ಮ ತೋಟದಲ್ಲೇ ಇರುತ್ತದಲ್ಲ, ಚೆನ್ನಾಗಿ ಬಲಿತದ್ದನ್ನೇ ಸೀಳಿ. ದಬ್ಬೆ ಕೆಲವು ವರ್ಷಕ್ಕೆ ಹೋಗುತ್ತದೆ, ಹೋದಾಗ ಬದಲಾಯಿಸಿದರೆ ಆಯಿತು.

ಮಂಗನಿಗೆ ಪೂರ್ತಿ ಮದ್ದಿಲ್ಲ. ಮಾಡಿನ ಮೇಲೆ ಬಾಗಿದ ಕೊಂಬೆ ಕಡಿಸಿ, 270 ಹಂಚೂ ಮಾಡಿಗೇ ಬೇಕು, ಹಾಗಾಗಿ ಅದೇ ಅಚ್ಚಿನ ಹಂಚು ಇಪ್ಪತ್ತಾದರೂ ಹೆಚ್ಚಿಗೆ ಹೊಂದಿಸಿ ಎತ್ತಿಡಿ. ಸೂರಿನ ಎರಡು ಸಾಲು ಹಂಚನ್ನು ರೀಪಿಗೆ ಜಿಐ ತಂತಿಯಲ್ಲಿ ಕಟ್ಟಿ, ಗಾಳಿಗೂ ಆಗುತ್ತದೆ. ಹಂಚಿನ ಕೆಳಗೆ ಫ್ಲೆಕ್ಸ್ ಬ್ಯಾನರ್ ಹಾಸುವವರಿದ್ದಾರೆ, ಅದನ್ನು ಬಿಗಿಯಾಗಿ ಎಳೆದರೆ ನೀರು ರೀಪಿನ ಮೇಲೆ ನಿಂತು ಮರ ಕೊಳೆಯುತ್ತದೆ. ಪಕಾಸಿನ ನಡುವೆ ಸ್ವಲ್ಪ ಜೋಲು ಬಿಟ್ಟರೆ ನೀರು ಸೂರಿಗೆ ಇಳಿದು ಹೋಗುತ್ತದೆ.

ತೊಲೆ ಬೇರೆ ಊರಿಂದ ತರುವುದಾದರೆ, ಅದರಲ್ಲೂ ಬೀಟೆ, ತೇಗ ಇದ್ದರೆ, ಲಾರಿ ಹತ್ತಿಸುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಹಳೆ ಮನೆಯದ್ದು ಅಂದರೆ ಮಾತ್ರ ಸಾಕಾಗುವುದಿಲ್ಲ, ಪಾಸ್ ಕೇಳಬಹುದು. ಮನೆ ಬಿಚ್ಚುವಾಗಿನ ಫೋಟೋ ಇದ್ದರೆ ಇಟ್ಟುಕೊಂಡಿರಿ.

ಬಾಗಿಲು, ಕಿಟಕಿ ಪೂರ್ವಕ್ಕೋ ಉತ್ತರಕ್ಕೋ ಇಡಿ. ನಮ್ಮಲ್ಲಿ ಮಳೆ ಹೊಡೆಯುವುದು ನೈಋತ್ಯದಿಂದ, ಆ ಕಡೆ ದಬ್ಬೆಗೂ ಸಂದು ಬೇಡ.