ಮಾಂಸಕ್ಕೆ ಮೊಲವಾ, ಕೋಳಿಯಾ? ಸಾಕಿದವರು ಹೇಳಿ

ಹಿತ್ತಿಲಿನವ: ಹಿತ್ತಿಲಲ್ಲಿ ಸ್ವಲ್ಪ ಜಾಗ ಇದೆ. ಮನೆ ಊಟಕ್ಕಷ್ಟೇ, ಮಾರುವುದಕ್ಕಲ್ಲ. ಎರಡನ್ನೂ ಒಂದೇ ಗೂಡಲ್ಲಿ ಇಡಬಹುದಾ?

ಮೊಲದ ಗೂಡು: ಮೊಲವನ್ನೇ ಸಾಕಿ. ಕೋಳಿ ಬಿಟ್ಟು ಮೊಲಕ್ಕೆ ಬಂದ ಮೇಲೆ ಪಕ್ಕದ ಮನೆಯವರ ತಕರಾರು ನಿಂತಿದೆ. ಗಂಡಿಗೆ ಬಿಟ್ಟ 31 ದಿನಕ್ಕೆ ಮರಿ, ಚೆನ್ನಾಗಿ ಮೇಯಿಸಿದರೆ ನ್ಯೂಜಿಲೆಂಡ್ ವೈಟ್ ತಳಿಯ ಮರಿ 10-12 ವಾರಕ್ಕೆ 2 ಕೆಜಿ ಬರುತ್ತದೆ. ಆದರೆ ಸೆಖೆ ಮಾತ್ರ ಜೀವ ಹಿಂಡುತ್ತದೆ. 30 ಡಿಗ್ರಿ ದಾಟಿ ಹಾಗೇ ನಿಂತರೆ ಗಂಡಿನ ಬೀಜ ಕೆಡುತ್ತದೆ, ಎಷ್ಟು ಸಲ ಬಿಟ್ಟರೂ ಹೆಣ್ಣು ಗಬ್ಬ ಕಟ್ಟುವುದಿಲ್ಲ, ಸೆಖೆ ಹೋದ ಮೇಲೂ ಅದು ಸರಿಹೋಗಲು ಒಂದೂವರೆ ಎರಡು ತಿಂಗಳು ಬೇಕು, ಅಷ್ಟೂ ದಿನ ಮೇವು ಹಾಕುತ್ತಲೇ ಇರಬೇಕು. ನನ್ನ ಒಳ್ಳೆಯ ಹೆಣ್ಣು ಬೇಸಿಗೆಯಲ್ಲೇ ಹೋಯಿತು. ಬೆಳಗ್ಗೆ ಹುಲ್ಲು ತಿಂದಿತ್ತು. ಮಧ್ಯಾಹ್ನ ಬಾಯಿ ತೆರೆದು ಏದುಸಿರು, ಮೂಗಿನ ಸುತ್ತ ಒದ್ದೆ, ಕಿವಿ ಮುಟ್ಟಿದರೆ ಸುಡುತ್ತಿತ್ತು. ಒದ್ದೆ ಬಟ್ಟೆ ಸುತ್ತಿದರೂ ಉಳಿಯಲಿಲ್ಲ. ಹೊಟ್ಟೆಯಲ್ಲಿ ಮರಿ ಬೇರೆ.

ನಾಟಿ ಹುಂಜ: ಮೊಲ ದಿನಾ ಮೊಟ್ಟೆ ಇಡುತ್ತದಾ? ನನಗೆ ಕೋಳಿಯೇ ಸರಿ. ನನ್ನ ದುಡ್ಡು ಹೋಗಿದ್ದು ಫೀಡಿಗಲ್ಲ, ಜಾಲರಿಗೆ. ಆರು ಮೂಲೆಯ ತೆಳು ಜಾಲರಿ ಸಾಕು ಎಂದು ಅಂಗಡಿಯವನು ಕೊಟ್ಟ, ನಾಯಿ ಹಲ್ಲಲ್ಲೇ ಹರಿದು ಹಾಕಿತು. ಆಮೇಲೆ ಬೆಸುಗೆ ಜಾಲರಿ, ಅರ್ಧ ಇಂಚಿನ ಕಣ್ಣು, ಮಣ್ಣೊಳಗೆ ಒಂದು ಅಡಿ ಹೂತು, ಎಲ್ಲ ಮತ್ತೆ ಮೊದಲಿನಿಂದ. ಅದಾಗುವಷ್ಟರಲ್ಲಿ ಕೊಕ್ಕರೆ ರೋಗ. ಹಸಿರು ಭೇದಿ, ಕತ್ತು ತಿರುಚಿಕೊಂಡು ಒದ್ದಾಟ. ಮರಿಗೆ ಒಂದು ವಾರ ಆಗುವಷ್ಟರಲ್ಲಿ ಈ ರೋಗ ತಡೆಯುವ ಲಸೋಟ ಲಸಿಕೆಯ ಹನಿ ಬೀಳಲೇಬೇಕು, ಆದರೆ ಬಾಟಲಿ ನೂರಾರು ಡೋಸಿನದೇ ಸಿಗುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಹತ್ತು ಮರಿ ಇದ್ದವನು ಉಳಿದದ್ದನ್ನೆಲ್ಲ ಎಸೆಯಬೇಕು, ಹೊಟ್ಟೆ ಉರಿಯುತ್ತದೆ.

ಆರು ವಾರ: ಮಾಂಸ ಬೇಕಾದವರಿಗೆ ಬ್ರಾಯ್ಲರ್ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಆರು ವಾರಕ್ಕೆ 2 ಕೆಜಿ, ಒಂದು ಕೆಜಿ ತೂಕಕ್ಕೆ ಎರಡು ಕೆಜಿಗಿಂತ ಕಮ್ಮಿ ಫೀಡು. ನಾಟಿಯವರು ಐದಾರು ತಿಂಗಳು ಕಾಯುತ್ತಾ ಕೂರಲಿ.

ನಾಟಿ ಹುಂಜ: ನಿಮ್ಮ ಬ್ರಾಯ್ಲರ್ ಸ್ವಂತ ಕಾಲ ಮೇಲೆ ನಿಲ್ಲುತ್ತದಾ? ಕಾವಿಗೆ ಕೂರುತ್ತದಾ? ಪ್ರತಿ ಸಲ ಮರಿ ಕೊಳ್ಳಬೇಕು. ನನ್ನ ಹೇಂಟೆ 21 ದಿನಕ್ಕೆ ತಾನೇ ಮರಿ ಮಾಡುತ್ತದೆ.

ಎರಡೂ ಸಾಕುವವಳು: ಕೇಳಿದ್ದಕ್ಕೆ ಯಾರೂ ಉತ್ತರವೇ ಕೊಟ್ಟಿಲ್ಲ. ಒಂದೇ ಗೂಡಲ್ಲಿ ಇಡಲೇಬೇಡಿ. ಕೋಳಿ ಫೀಡಿನಲ್ಲಿ ಕಾಕ್ಸಿ ಅನ್ನುವ ಕರುಳಿನ ರೋಗ ತಡೆಯಲು ಸಾಲಿನೊಮೈಸಿನ್, ನರಾಸಿನ್ ಥರದ ಔಷಧಿ ಬೆರೆಸಿರುತ್ತಾರೆ, ಮೊಲಕ್ಕೆ ಅದು ವಿಷ. ತಟ್ಟೆಯಿಂದ ಚೆಲ್ಲಿದ್ದನ್ನು ತಿಂದರೂ ಕಷ್ಟ. ನಾನು ಡಬ್ಬ, ಸೌಟು ಎಲ್ಲ ಬೇರೆ ಇಟ್ಟಿದ್ದೇನೆ. ಮೊಲಕ್ಕೆ ಬೇಕಾದದ್ದು ಒಣಹುಲ್ಲು, ನಾರು ಕಮ್ಮಿಯಾದರೆ ಹೊಟ್ಟೆ ನಿಂತುಬಿಡುತ್ತದೆ. ಇನ್ನು ಮೊಲದ ಗೂಡಿನವರು ತಂತಿ ನೆಲದ ಮೇಲೆ ಇಡುವುದು ಹಿಂಸೆ, ಹಿಂಗಾಲು ಹುಣ್ಣಾಗುತ್ತದೆ.

ಮೊಲದ ಗೂಡು: ನನ್ನ ಗೂಡು ನೋಡದೆ ಹಿಂಸೆ ಅಂತೀರಲ್ಲ! ಹುಲ್ಲು ಹಾಸಿ ಅದರಲ್ಲೇ ಉಚ್ಚೆ ಹಿಕ್ಕೆ ನಿಂತರೆ ಮರಿಗಳಿಗೆ ಕಾಕ್ಸಿ ಬರುವುದಿಲ್ಲವಾ? ತಂತಿಯ ಮೇಲೆ ಕೂರಲು ಹಲಗೆ ಇಟ್ಟಿದ್ದೇನೆ.

ಎರಡೂ ಸಾಕುವವಳು: ಹಲಗೆ ಇಟ್ಟಿದ್ದರೆ ಮೊದಲೇ ಹೇಳಬೇಕಿತ್ತು. ಹಿತ್ತಿಲಿನವರೇ, ನಿಮ್ಮ ಗೂಡಿಗೆ ಮಧ್ಯಾಹ್ನ ನೆರಳು ಬೀಳುತ್ತದಾ? ಇಲ್ಲದಿದ್ದರೆ ಮೊಲ ತರಬೇಡಿ.