ನಿವೃತ್ತಿ ಗಂಟು, ಟ್ಯೂಬ್ ಆಂಪ್ಲಿಫೈಯರ್ ಮತ್ತು ತೀರ್ಥಹಳ್ಳಿ ಮಳೆ

ಪ್ರಶ್ನೆ: ಪಿಯು ಕಾಲೇಜಿನಲ್ಲಿ ಪಾಠ ಮಾಡ್ತೇನೆ, ಮೇ ಕೊನೆಗೆ 60 ತುಂಬಿ ನಿವೃತ್ತಿ. ಪಿಂಚಣಿ ಇದೆ. ಗ್ರಾಚ್ಯುಟಿ, ಕಮ್ಯುಟೇಶನ್ (ಪಿಂಚಣಿಯ ಒಂದು ಪಾಲನ್ನು ಮೊದಲೇ ಇಡಿಗಂಟಾಗಿ ಪಡೆಯೋದು) ಸೇರಿ 40 ಲಕ್ಷ ಬರುತ್ತೆ. ಶಿವಮೊಗ್ಗ ಬಿಟ್ಟು ತೀರ್ಥಹಳ್ಳಿ ಹತ್ತಿರದ ಹಂಚಿನ ಮನೆಗೆ ಹೋಗ್ತೇವೆ. 7 ಲಕ್ಷಕ್ಕೆ ಇಎಲ್34 ಅನ್ನೋ ಗಾಜಿನ ವಾಲ್ವ್‌ಗಳ ಟ್ಯೂಬ್ ಆಂಪ್ಲಿಫೈಯರ್, ಸ್ಪೀಕರ್ ತಗೊಳ್ಳೋ ಆಸೆ. ಮಗಳು ಅಮೆರಿಕದಿಂದ ರೆಕಾರ್ಡ್ ನುಡಿಸೋ ಹಳೇ ಟರ್ನ್‌ಟೇಬಲ್ ತರ್ತಾಳಂತೆ. 300 ಎಲ್‌ಪಿ, 78 ಆರ್‌ಪಿಎಂನ 40 ತಟ್ಟೆ ಇವೆ. ಲೆಕ್ಕಾಚಾರ ಸರಿಯಿದೆಯಾ?

ಉತ್ತರ, ಹಣಕಾಸು ಸಲಹೆಗಾರರಿಂದ: ಮೇಷ್ಟ್ರೇ, ಗಂಟು ಕರಗಿಸಬೇಡಿ, ಬಡ್ಡಿಯಲ್ಲಿ ಹಾಡು ಕೇಳಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ ಒಬ್ಬರ ಹೆಸರಿಗೆ 30 ಲಕ್ಷ ಇಡಬಹುದು. ಶೇ 8.2 ಸಿಕ್ಕರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ. ದರ ತ್ರೈಮಾಸಿಕಕ್ಕೊಮ್ಮೆ ಪರಿಷ್ಕರಣೆಯಾಗುತ್ತೆ, ಆದರೆ ಖಾತೆ ತೆರೆದಾಗ ಸಿಕ್ಕಿದ್ದೇ ಐದು ವರ್ಷ ನಡೆಯುತ್ತೆ. ಬಡ್ಡಿಗೆ ತೆರಿಗೆ ಉಂಟು. ಉಳಿದ 10 ಲಕ್ಷದಲ್ಲಿ ಮನೆ ರಿಪೇರಿಗೆ, ಆಸ್ಪತ್ರೆಗೆ ಅಂತ 6 ಎತ್ತಿಡಿ. ಆಡಿಯೋಗೆ 4 ಲಕ್ಷ, ಅದೂ ಒಂದು ಮಳೆಗಾಲ ಆ ಮನೆಯಲ್ಲಿ ಕಳೆದ ಮೇಲೆ. ಆಂಪ್ಲಿಫೈಯರ್ ಆಸ್ತಿಯಲ್ಲ, ಡಬ್ಬ ಒಡೆದ ದಿನವೇ ಬೆಲೆ ಇಳಿಯುತ್ತೆ.

ಉತ್ತರ, ಆಡಿಯೋ ರಿಪೇರಿಯವರಿಂದ: ಟರ್ನ್‌ಟೇಬಲ್ ಹಿಂದಿನ ಪ್ಲೇಟಿನ ಫೋಟೋ ಇವತ್ತೇ ತರಿಸಿಕೊಳ್ಳಿ. 120 ವೋಲ್ಟ್, 60 ಹರ್ಟ್ಸ್ ಅಂತಿದ್ದು ಒಳಗೆ ಎಸಿ ಸಿಂಕ್ರನಸ್ ಮೋಟಾರ್, ಅಂದರೆ ಕರೆಂಟಿನ ಹರ್ಟ್ಸ್‌ಗೆ ತಕ್ಕ ವೇಗದಲ್ಲೇ ಸುತ್ತೋದು, ಇದ್ದರೆ ಕಷ್ಟ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತೆ, ಹರ್ಟ್ಸ್ ನಮ್ಮ 50ರಲ್ಲೇ ಉಳಿಯುತ್ತೆ. ನಿಮಿಷಕ್ಕೆ 33⅓ ಸುತ್ತಬೇಕಾದ ತಟ್ಟೆ 27.8 ಸುತ್ತುತ್ತೆ. ಐದು ಮನೆ ಶ್ರುತಿಯಲ್ಲಿ ಹಾಡಿದ್ದು ಮೂರು ಮನೆಗಿಳಿದು, ಕಾಲವೂ ಎಳೆದು ಕೇಳುತ್ತೆ. ಅದೇ ಮಾಡೆಲ್‌ನ 50 ಹರ್ಟ್ಸ್ ಪುಲ್ಲಿ ಸಿಕ್ಕರೆ ಮಾತ್ರ ತರಿಸಿ. ಡಿಸಿ ಮೋಟಾರಿನದಾದರೆ ಈ ತೊಂದರೆಯಿಲ್ಲ.

ಆಂಪ್ಲಿಫೈಯರ್‌ಗಿಂತ ಮೊದಲು ಅರ್ಥಿಂಗ್. ಜಂಬಿಟ್ಟಿಗೆ ನೆಲ ಒಣಗಿದರೆ ಅರ್ಥ್ ಹಿಡಿಯಲ್ಲ, ಗುಡುಗು ಸಿಡಿಲು ಜೋರಾಗೋದೂ ಅದೇ ಏಪ್ರಿಲ್, ಮೇನಲ್ಲಿ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕ್ತಿರಿ. ಮನೆಯ ಲೋಡ್ ಎಲ್ಲ ಹಾಕಿ ಮಲ್ಟಿಮೀಟರ್ ಹಿಡಿದಾಗ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ 2-3 ವೋಲ್ಟ್ ದಾಟಿದರೆ ಎಲೆಕ್ಟ್ರಿಷಿಯನ್ ಕರೆಸಿ. ಗುಡುಗು ಕೇಳಿದರೆ ಸ್ವಿಚ್ ಆರಿಸೋದು ಸಾಲದು, ಪ್ಲಗ್ಗೇ ಕೀಳಬೇಕು.

ಹಂಚಿನ ಸಂದಿಯಿಂದ ಇಡೀ ಆಷಾಢ ತೇವ ಇಳಿಯುತ್ತೆ. ಹಾಗಾಗಿ ಮನೆಗೆಲ್ಲ ತೇವ ಹೀರೋ ಡಿಹ್ಯುಮಿಡಿಫೈಯರ್ ಇಟ್ಟರೆ ಕರೆಂಟ್ ದಂಡ. ಒಂದೇ ಕೋಣೆಗೆ ಸೀಲಿಂಗ್ ಹಾಕಿಸಿ, ಬಾಗಿಲ ಸಂದು ಮುಚ್ಚಿ, ತೇವ ಶೇ 55ರ ಒಳಗಿರಿಸಿ. ಬೂಷ್ಟು ಮೊದಲು ಹತ್ತೋದು ಕಾಗದದ ಒಳಕವರಿಗೆ, ಅಲ್ಲಿಂದ ತಟ್ಟೆಗೆ. ಪಾಲಿಥೀನ್ ಕವರಿಗೆ ಬದಲಿಸಿ, ಹೊರಗೋಡೆಗೆ ತಾಗದಂತೆ ನೆಟ್ಟಗೆ ನಿಲ್ಲಿಸಿ.

ದಿನಾ 3 ಗಂಟೆ ಕೇಳಿದರೆ ವರ್ಷಕ್ಕೆ 1,100 ಗಂಟೆ ಆಯ್ತು. ಇಎಲ್34ಗೆ ಸುಮಾರು 2,000 ಗಂಟೆ ಆಯಸ್ಸು ಹಿಡಿಯಿರಿ, ಅಂದರೆ ಎರಡು ವರ್ಷಕ್ಕೊಂದು ಮ್ಯಾಚ್ ಆದ (ಒಂದಕ್ಕೊಂದು ಹೊಂದೋ) ಟ್ಯೂಬ್ ಸೆಟ್. ಆ ದುಡ್ಡು ಬಡ್ಡಿಯಿಂದಲೇ ಬರಲಿ.

ಮರುಪ್ರಶ್ನೆ: ಬೂಷ್ಟು ಹತ್ತಿದ 78ರ ತಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಬಹುದಾ ಸಾರ್?

ಉತ್ತರ: ಬೇಡವೇ ಬೇಡ ಮೇಷ್ಟ್ರೇ. ಅವು ಅರಗಿನ ತಟ್ಟೆಗಳು. ಬಡಗಿಗಳು ಪಾಲಿಶ್‌ಗೆ ಅರಗು ಕರಗಿಸೋದು ಸ್ಪಿರಿಟ್‌ನಲ್ಲೇ ಅಲ್ಲವಾ? ಗೆರೆಗಳೇ ಹಾಳಾಗುತ್ತವೆ. ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ ಹಾಕಿ, ಮೆತ್ತನೆ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿ. ಲೇಬಲ್ ನೆನೆಯಬಾರದು. ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ ಒರೆಸಿ ಕೂಡಲೇ ಒಣಗಿಸಿ. ನುಡಿಸೋಕೆ 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ಸೂಜಿ ಬೇರೆ ತಗೊಳ್ಳಿ, ಎಲ್‌ಪಿ ಸೂಜಿ ಆ ಅಗಲ ಗೆರೆಯ ತಳಕ್ಕೆ ಇಳಿದು ಬರೀ ಗರಗರ ಅನ್ನುತ್ತೆ.