ಹಾಲ್ ಗೋಡೆಗೆ ಯಾವ ಬಣ್ಣ ಅಂತ ಕೇಳಿದ್ದೇ ತಪ್ಪಾಯಿತು

ಮೊನ್ನೆ ಭಾನುವಾರ ನಮ್ಮ 'ಮೇಲಿನಮನೆ ಬಳಗ' ಗುಂಪಿನಲ್ಲಿ ನಡೆದದ್ದು ಇದು. ಬೆಂಗಳೂರಿನ ನಮ್ಮ ಫ್ಲಾಟಿನಲ್ಲಿ ಟಿವಿ ಹಿಂದಿನ ಗೋಡೆಗೆ ಕಡು ಹಸಿರು ಹೊಡೆಸೋಣ, ಉಳಿದ ಮೂರಕ್ಕೆ ಕೆನೆ ಬಣ್ಣ ಸಾಕು ಅಂತ ಶೇಡ್ ಕಾರ್ಡಿನ ಫೋಟೋ ಹಾಕಿದ್ದೆ. ಚೆನ್ನಾಗಿದೆಯಾ ಅಂತಷ್ಟೇ ಕೇಳಿದ್ದು. ಹೆಸರು ಬದಲಿಸಿದ್ದೇನೆ, ಬೈಗುಳ ಕಡಿಮೆ ಮಾಡಿದ್ದೇನೆ.

ಸುಮಾ ಅತ್ತೆ ಫಾರ್ವರ್ಡ್ ಮಾಡಿದ್ದು: *ಎಚ್ಚರ!!* ಮನೆಯೊಳಗೆ ಕಡು ಬಣ್ಣ ಬಳಿದರೆ ಗೋಡೆ ಬಿಸಿಲು ಹೀರಿ ಮನೆ ಕುಲುಮೆ ಆಗುತ್ತದೆ. ಕರೆಂಟ್ ಬಿಲ್ ದುಪ್ಪಟ್ಟು. ಮನಸ್ಸಿಗೆ ಮಂಕು. ವಿಜ್ಞಾನಿಗಳೇ ಹೇಳಿದ್ದಾರೆ. ನಿಮ್ಮವರಿಗೆಲ್ಲ ಕಳಿಸಿ 🙏🙏

ಸುಮಾ ಅತ್ತೆ: ನೋಡು ಪುಟ್ಟಿ, ಇದು ನಿನ್ನೆಯೇ ಬಂದಿತ್ತು. ನಿನ್ನ ಫೋಟೋ ನೋಡಿ ಎದೆ ಧಸಕ್ ಅಂತು.

ರವಿ ಅಣ್ಣ: ಯಾವ ವಿಜ್ಞಾನಿ ಅತ್ತೆ? ಎಲ್ಲಿಯವರು? ಲಿಂಕ್ ಕೊಡಿ.

ರವಿ ಅಣ್ಣ: ಬಿಸಿಲು ಬೀಳುವುದು ತಾರಸಿಗೆ, ಹೊರಗೋಡೆಗೆ. ಅದಕ್ಕೇ ತಾರಸಿಗೆ ಬಿಳಿ ಬಳಿಯುವುದು. ಟಿವಿ ಹಿಂದಿನ ಗೋಡೆಗೆ ಸೂರ್ಯ ಎಲ್ಲಿಂದ ಬರಬೇಕು? ಬೆಳಕಿನ ಮಾತು ಬೇರೆ. ಬಣ್ಣಗಳಿಗೆ ಎಲ್‌ಆರ್‌ವಿ ಅಂತ ಒಂದು ಅಂಕಿ ಇರುತ್ತದೆ, ಬಿದ್ದ ಬೆಳಕಲ್ಲಿ ಎಷ್ಟು ವಾಪಸ್ ಬರುತ್ತದೆ ಅನ್ನುವ ಲೆಕ್ಕ. 0 ಅಂದರೆ ಪೂರ್ತಿ ಕಪ್ಪು, 100 ಅಂದರೆ ಪೂರ್ತಿ ಬಿಳಿ. ಕೆನೆ ಬಣ್ಣ ಸಾಮಾನ್ಯವಾಗಿ 70ರ ಮೇಲೆ, ಈ ಥರದ ಹಸಿರು 10ರ ಆಸುಪಾಸು. ಒಂದು ದೀಪ ಜಾಸ್ತಿ ಬೇಕಾಗಬಹುದು, ಅಷ್ಟೇ.

ಇಷ್ಟುದ್ದ ಬರೆದದ್ದನ್ನು ಯಾರೂ ಓದಿಲ್ಲ. ಓದಿದ್ದು ಮೊದಲ ಸಾಲು ಮಾತ್ರ.

ದೊಡ್ಡಪ್ಪ: ರವಿ, ಅತ್ತೆಯ ಹತ್ತಿರ ಮಾತಾಡುವ ರೀತಿ ಇದಲ್ಲ. ಹಿರಿಯರು ವರ್ಷ ವರ್ಷ ಸುಣ್ಣ ಬಳಿದದ್ದು ಸುಮ್ನೆ ಅಲ್ಲ. ಮನೆ ಬೆಳ್ಳಗಿದ್ದರೆ ಮನಸ್ಸೂ ಬೆಳ್ಳಗೆ.

ರವಿ ಅಣ್ಣ: ಅಪ್ಪ, ಹಿರಿಯರ ಅಡುಗೆಮನೆ ಹೊಗೆ ಹಿಡಿದು ಕಾಡಿಗೆಯ ಹಾಗಿತ್ತು. ನೀವು ಉಂಡು ಬೆಳೆದದ್ದು ಅಲ್ಲೇ. ಮಂಕು ಹಿಡಿಯಿತಾ?

ದೊಡ್ಡಪ್ಪ: ಅದು ಹೊಗೆ. ಯಾರೂ ದುಡ್ಡು ಕೊಟ್ಟು ಬಳಿಸಿದ್ದಲ್ಲ.

ಇಲ್ಲಿ ದೊಡ್ಡಪ್ಪನೇ ಗೆದ್ದರು ಅಂತ ನನ್ನ ಲೆಕ್ಕ.

ಪಲ್ಲವಿ: ಅಯ್ಯೋ ಸುಣ್ಣ!! ದಸರಾ ರಜೆಗೆ ತೀರ್ಥಹಳ್ಳಿಗೆ ಬಂದಾಗ ಅಜ್ಜ ಹಳೇ ಡ್ರಮ್ಮಿಗೆ ಸುಣ್ಣದ ಕಲ್ಲು ಹಾಕಿ ನೀರು ಸುರಿದರೆ ಕೊತಕೊತ ಕುದಿಯುತ್ತಿತ್ತು, ಒಲೆಯಿಲ್ಲದೆ ಹೇಗೆ ಕುದಿಯುತ್ತದೆ ಅಂತ ನಾವು ಬಾಯಿ ಬಿಟ್ಟು ನಿಂತರೆ ಕಣ್ಣಿಗೆ ಸಿಡಿದೀತು ಅಂತ ಅಜ್ಜಿ ಒಳಗಿಂದ ಕೂಗುತ್ತಿದ್ದಳು. ಆಮೇಲೆ ಸೋಸಿ, ಚೂರು ನೀಲಿ ಹಾಕಿ, ನಾರಿನ ಕುಂಚದಲ್ಲಿ ಬಳಿಯುವುದು. ಬಳಿದಾಗ ಏನೂ ಕಾಣದು, ಒಣಗುತ್ತ ಒಣಗುತ್ತ ಬೆಳ್ಳಗಾಗುವುದು. ಕೆಳಗೆ ಮೊಣಕಾಲೆತ್ತರಕ್ಕೆ ಕೆಮ್ಮಣ್ಣು. ಗೋಡೆಗೆ ಒರಗಿದರೆ ಬೆನ್ನೆಲ್ಲ ಬಿಳಿ 😂

ರವಿ ಅಣ್ಣ: ಕೆಮ್ಮಣ್ಣು ಕಡು ಬಣ್ಣ ಅಲ್ವಾ ಅತ್ತೆ?

ಸುಮಾ ಅತ್ತೆ: ಎದುರು ಮಾತು ಇವನಿಗೆ ಮೊದಲಿಂದಲೂ. ಅಪ್ಪನ ಗುಣ.

ದೊಡ್ಡಪ್ಪ: ನನ್ನನ್ನು ಯಾಕೆ ಎಳೆಯುತ್ತೀಯ?

ಶಂಕರ ಮಾವ: ಪುಟ್ಟಿ, ಆ ಗೋಡೆಯ ಆಚೆ ಬಾತ್ರೂಮ್ ಇದೆಯಾ? ಇದ್ದರೆ ಮೊದಲು ತೇವ ನೋಡಿಸು. ತೇವ ಬಂದರೆ ಗೋಡೆಯ ಉಪ್ಪು ಹೊರಗೆ ಬಂದು ಬೂದಿ ಚೆಲ್ಲಿದ ಹಾಗೆ ಬಿಳಿ ಆಗುತ್ತದೆ. ಕೆನೆ ಬಣ್ಣದಲ್ಲಿ ಅಷ್ಟು ಕಾಣದು, ಹಸಿರಿನಲ್ಲಿ ಎದ್ದು ಕಾಣುತ್ತದೆ.

ಇಡೀ ದಿನದಲ್ಲಿ ಕೆಲಸಕ್ಕೆ ಬರುವ ಮಾತು ಇದೊಂದೇ. ಬಾತ್ರೂಮ್ ಇರುವುದೂ ಹೌದು. ಆದರೆ ನಾನು ಇದನ್ನು ನೋಡಿದ್ದು ರಾತ್ರಿ, ಏಕೆಂದರೆ ಅದೇ ನಿಮಿಷಕ್ಕೆ ಗೋಪಿ ಚಿಕ್ಕಪ್ಪ ಎದ್ದರು.

ಗೋಪಿ ಚಿಕ್ಕಪ್ಪ: ಸುಣ್ಣದ ನೆನಪು ಎಲ್ಲರಿಗೂ ಇದೆ. 1994ರಲ್ಲಿ ಸುಮಾ ಮದುವೆಗೆ ಇಡೀ ಮನೆಗೆ ಡಿಸ್ಟೆಂಪರ್ ಹೊಡೆಸಿದ್ದು ಯಾರು ಅಂತ ಯಾರಿಗೂ ನೆನಪಿಲ್ಲ. 1,840 ರೂಪಾಯಿ. ನನ್ನ ಕೈಯಿಂದ.

ಸುಮಾ ಅತ್ತೆ: ಈಗ ಇದು ಯಾಕೆ ಬಂತು?

ಗೋಪಿ ಚಿಕ್ಕಪ್ಪ: ಅಡಿಕೆ ದುಡ್ಡು ಬಂದ ಮೇಲೆ ಕೊಡುತ್ತೇನೆ ಅಂತ ಅಣ್ಣ ಹೇಳಿದ್ದ. ಯಾವ ವರ್ಷದ ಅಡಿಕೆ ಅಂತ ಹೇಳಿರಲಿಲ್ಲ.

ದೊಡ್ಡಪ್ಪ: ಆ ಗುಲಾಬಿ ಬಣ್ಣ ನಿನ್ನನ್ನು ಯಾರು ಕೇಳಿದ್ದರು? ಸುಣ್ಣ ಸಾಕು ಅಂದಿದ್ದೆ.

ಗೋಪಿ ಚಿಕ್ಕಪ್ಪ: ಗಂಡಿನ ಕಡೆಯವರ ಬೆನ್ನು ಬಿಳಿ ಆಗಬಾರದು ಅಂತ ಹೊಡೆಸಿದ್ದು!

ಶಂಕರ ಮಾವ: ಬಿಳಿ ಆಗಲಿಲ್ಲ. ಗುಲಾಬಿ ಆಯಿತು.

ಮೂವತ್ತು ವರ್ಷ ಮಾವ ಈ ಮಾತು ಯಾರಿಗೂ ಹೇಳಿರಲಿಲ್ಲವಂತೆ.

ನಾನು: ಪೇಂಟರ್ ಅಂಗಡಿಯಲ್ಲಿ ನಿಂತಿದ್ದಾರೆ. ಹಸಿರಿಗೆ ಮೂರು ಕೋಟ್ ಬೇಕಂತೆ, ಮುಂದೆ ಬೇಡ ಅನ್ನಿಸಿದರೆ ಮತ್ತೆ ಪ್ರೈಮರ್ ಹೊಡೆದೇ ತಿಳಿ ಬಣ್ಣ ಹಾಕಬೇಕಂತೆ. ಹೂಂ ಅನ್ನಲಾ?

ಸುಮಾ ಅತ್ತೆ: ನಾನು ಇನ್ನು ಈ ಗುಂಪಿನಲ್ಲಿ ಏನೂ ಹಾಕುವುದಿಲ್ಲ.

ಸುಮಾ ಅತ್ತೆ ಫಾರ್ವರ್ಡ್ ಮಾಡಿದ್ದು: ತವರಿನ ಬೆಲೆ ಹೆಣ್ಣಿಗೆ ಮಾತ್ರ ಗೊತ್ತು 😢

ಪಲ್ಲವಿ: ಗೋಪಿ ಮಾವ, 1,840 ಕಳಿಸಿದ್ದೇನೆ, ಸ್ಕ್ರೀನ್‌ಶಾಟ್ ನೋಡಿ. ಅಮ್ಮನ ಮದುವೆ ಬಾಕಿ ಚುಕ್ತಾ. ಈಗಲಾದರೂ ಅವಳಿಗೆ ಬಣ್ಣ ಹೇಳಿ.

ಹತ್ತು ನಿಮಿಷ ಗುಂಪು ಗಪ್ ಚುಪ್.

ಗೋಪಿ ಚಿಕ್ಕಪ್ಪ: ಬಂತು.

ಗೋಪಿ ಚಿಕ್ಕಪ್ಪ: ಬಡ್ಡಿ?